ಮೇ ತಿಂಗಳಲ್ಲಿ ತಣ್ಣಗಿದ್ದ ಪಾದ

ರಾಯಚೂರಿನ ಮೇ ತಿಂಗಳು. ಸಂಜೆ ಏಳಾದರೂ ಗೋಡೆ ಮುಟ್ಟಿದರೆ ಸುಡುತ್ತಿತ್ತು. ಮಾನ್ವಿ ಕಡೆಯಿಂದ ಬಂದ 58ರ ರೈತರೊಬ್ಬರ ಪಾದ ಮಾತ್ರ ಮಣ್ಣಿನ ಕೊಡದ ಹಾಗೆ ತಣ್ಣಗಿತ್ತು. ಬೆಳಿಗ್ಗೆಯಿಂದ ಎದೆನೋವು, ಗ್ಯಾಸ್ ಅಂದುಕೊಂಡು ಸೋಡಾ ಕುಡಿದಿದ್ದರು. ಇಸಿಜಿಯಲ್ಲಿ ಹೃದಯದ ಮುಂಭಾಗಕ್ಕೆ ದೊಡ್ಡ ಆಘಾತ.

ಬಿಪಿ 96/78. "ತೊಂಬತ್ತರ ಮ್ಯಾಲೈತಲ್ರೀ ಅಕ್ಕಾ" ಅಂದಳು ಹೊಸ ಸಿಸ್ಟರ್. ನನ್ನನ್ನು ಹೆದರಿಸಿದ್ದು ಎರಡು ಅಂಕಿಗಳ ನಡುವಿನ ಅಂತರ: ಬರೀ 18. ಅದು ಮೇಲಿನ ಅಂಕಿಯ ಕಾಲುಭಾಗಕ್ಕಿಂತ ಕಡಿಮೆಯಿದ್ದರೆ ಹೃದಯ ರಕ್ತ ತಳ್ಳಲಾರದೆ ಸೋಲುತ್ತಿದೆ, ನಾಳಗಳು ಬಿಗಿದುಕೊಂಡು ಬಿಪಿ ಹಿಡಿದಿವೆ ಎಂದೇ ನನ್ನ ಲೆಕ್ಕ. ನಾಡಿ 124. ಉಗುರು ಒತ್ತಿ ಬಿಟ್ಟರೆ ಬಣ್ಣ ಮರಳಲು 5 ಸೆಕೆಂಡ್. ಮೊದಲ ಗಂಟೆಯ ಮೂತ್ರ ಬರೀ 15 ಮಿ.ಲೀ. ಹೃದಯ ಸೋತು ದೇಹಕ್ಕೆ ಸಾಕಷ್ಟು ರಕ್ತ ಸಿಗದ ಈ ಸ್ಥಿತಿಗೇ ಕಾರ್ಡಿಯೋಜೆನಿಕ್ ಶಾಕ್ ಅನ್ನುತ್ತಾರೆ.

ಮಗ ಬಂದು ನಿಂತ. "ಸಿಸ್ಟರ್ರೀ, ಒಂದು ಸಲೈನ್ ಹಚ್ರಿ. ಅಪ್ಪ ಭಾಳ ನಿತ್ರಾಣ ಆಗ್ಯಾರ." ನಮ್ಮ ಕಡೆ ಸುಸ್ತಿಗೆ ಬಾಟಲಿಯೇ ಮದ್ದು. "ತಮ್ಮಾ, ನೀರು ಕಮ್ಮಿ ಆಗಿಲ್ಲ, ಪಂಪ್‌ಸೆಟ್ಟು ಕೆಟ್ಟೈತಿ" ಅಂದೆ. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರೆ ಆಗಲೇ ಗುಳುಗುಳು ಸದ್ದು. ಸಲೈನ್ ಬಿಟ್ಟಿದ್ದರೆ ಶ್ವಾಸಕೋಶ ಇನ್ನಷ್ಟು ತುಂಬುತ್ತಿತ್ತು. (ಹೃದಯದ ಬಲಭಾಗಕ್ಕೆ ಪೆಟ್ಟು ಬಿದ್ದಿದ್ದರೆ ಮಾತು ಬೇರೆ, ಅಲ್ಲಿ ಅಳೆದು ಸಲೈನ್ ಕೊಡಬೇಕಾಗಬಹುದು. ಕೆಳಭಾಗದ ಆಘಾತ ಕಂಡಾಗ ಬಲ ಎದೆಯ ಇಸಿಜಿಯನ್ನೂ ತೆಗೆಯುತ್ತೇನೆ.) ತಲೆಭಾಗ ಎತ್ತರಿಸಿ ಆಕ್ಸಿಜನ್ ಹಚ್ಚಿದೆವು. ಹೃದಯಾಘಾತದ ಮಾಮೂಲಿ ಆರ್ಡರಿನಲ್ಲಿದ್ದ ಮೆಟೊಪ್ರೊಲಾಲ್ ಹೃದಯದ ಬಡಿತ, ಬಲ ಎರಡನ್ನೂ ತಗ್ಗಿಸುವ ಔಷಧ. ಕೊಡುವ ಮೊದಲು ಡಾಕ್ಟರನ್ನು ಕೇಳಿದೆ, ಅವರು ಅದನ್ನು ಆರ್ಡರಿನಿಂದ ತೆಗೆದುಹಾಕಿದರು.

ಅರ್ಧ ಗಂಟೆಯೊಳಗೆ ಬಿಪಿ 72/56. ನಾಳ ಬಿಗಿ ಮಾಡಿ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಶುರು, ಸರಾಸರಿ ಒತ್ತಡ 65ಕ್ಕೆ ತರುವ ಗುರಿ, ಆಮೇಲೆ ಹೃದಯ ಹಿಂಡುವ ಬಲ ಹೆಚ್ಚಿಸುವ ಡೋಬುಟಮಿನ್. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ನಳಿಕೆ (ಸೆಂಟ್ರಲ್ ಲೈನ್) ಹಾಕುವ ತನಕ ಮೊಣಕೈಯ ದಪ್ಪ ರಕ್ತನಾಳಕ್ಕೇ ಕೊಟ್ಟೆವು. ಹದಿನೈದು ನಿಮಿಷಕ್ಕೊಮ್ಮೆ ಅಲ್ಲಿ ಬಾವು, ಬಿಳಿಚು ಇದೆಯೇ ನೋಡುತ್ತಿದ್ದೆ. ಹಿಂದೊಮ್ಮೆ ಈ ಔಷಧ ಹೊರಗೆ ಸೋರಿ ಒಬ್ಬ ತಾಯಿಯ ಮುಂಗೈ ಕಪ್ಪಾಗಿದ್ದನ್ನು ಕಂಡಿದ್ದೇನೆ, ಮರೆಯಲಾರೆ. ಇನ್ನೊಂದು: ಸಿರಿಂಜ್ ಖಾಲಿಯಾಗುವ ಮೊದಲೇ ಮುಂದಿನದು ತುಂಬಿ ಸಿದ್ಧವಿರಬೇಕು. ಒಂದೆರಡು ನಿಮಿಷ ನಿಂತರೂ ಬಿಪಿ ಕುಸಿಯುತ್ತದೆ.

ಈ ಔಷಧಗಳು ಹೃದಯವನ್ನು ವಾಸಿ ಮಾಡುವುದಿಲ್ಲ, ಮುಚ್ಚಿದ ನಾಳ ತೆರೆಯುವ ತನಕ ಜೀವ ಹಿಡಿದಿಡುತ್ತವೆ. ಬೇಗ ನಾಳ ತೆರೆದರೆ ಆರು ತಿಂಗಳ ಹೊತ್ತಿಗೆ ಹೆಚ್ಚು ಜನ ಉಳಿದಿರುತ್ತಾರೆಂದು ಶಾಕ್ ಎಂಬ ಹೆಸರಿನ 1999ರ ಅಧ್ಯಯನ ತೋರಿಸಿತ್ತು. ಅದಕ್ಕೇ ಹೃದಯದ ನಾಳ ತೆರೆಯುವ ಕ್ಯಾತ್ ಲ್ಯಾಬ್‌ಗೆ ಮೂರು ಸಲ ಫೋನ್ ಮಾಡಿದೆ.

ಆಂಜಿಯೋಪ್ಲಾಸ್ಟಿ ಮುಗಿಸಿಕೊಂಡು ಬಂದಾಗ ರಾತ್ರಿ ಹನ್ನೊಂದು. ನಡುರಾತ್ರಿ ದಾಟಿ ಎರಡು ಗಂಟೆಗೆ ಚೀಲದಲ್ಲಿ 40 ಮಿ.ಲೀ. ಹೊಸ ಮೂತ್ರ. ಕಾಲು ಮುಟ್ಟಿದೆ: ಕಣಕಾಲಿನ ತನಕ ಬಿಸಿ, ಬೆರಳು ಇನ್ನೂ ತಣ್ಣಗೆ. ಹಾಗೇ ಚಾರ್ಟಿನಲ್ಲಿ ಬರೆದು, ಹೊರಗೆ ನೆಲದ ಮೇಲೆ ಕೂತಿದ್ದ ಮಗನನ್ನು ಒಳಗೆ ಕರೆದೆ.