ಡ್ರ್ಯಾಗನ್ ನನ್ನ ಕಲ್ಪನೆಯಲ್ಲ, ದಾಖಲೆಯಲ್ಲೇ ಇತ್ತು

ಚೀನಾದ ಇತಿಹಾಸ ಇಟ್ಟುಕೊಂಡು ಕನ್ನಡದಲ್ಲಿ ಒಂದು ಸೈನ್ಸ್ ಫಿಕ್ಷನ್ ಕಾದಂಬರಿ ಬರೆದಿದ್ದೇನೆ. ಈ ವಿಷಯ ಬಾಯಿಬಿಟ್ಟಾಗಿಂದ ಎಲ್ಲರೂ ಕೇಳುವುದು ಒಂದೇ, ಇದರಲ್ಲಿ ನಿಜ ಎಷ್ಟು, ಕಟ್ಟಿದ್ದು ಎಷ್ಟು ಅಂತ. ನಾನು ಹಾಕಿಕೊಂಡ ಕಟ್ಟುಪಾಡು ಇಷ್ಟೇ: ದಾಖಲೆಯಲ್ಲಿ ಏನಿದೆಯೋ ಅದನ್ನು ಮುಟ್ಟುವ ಹಾಗಿಲ್ಲ, ಅದು ಎಷ್ಟೇ ವಿಚಿತ್ರವಾಗಿದ್ದರೂ ಸರಿ. ದಾಖಲೆ ಬಾಯಿಬಿಡದ ಕಡೆ ಮಾತ್ರ ನನ್ನ ಆಟ. ಕೈ ಕಟ್ಟಿಹಾಕಿಕೊಂಡ ಹಾಗಲ್ವಾ ಅಂತ ಅನಿಸಬಹುದು. ಆದರೆ ಕಥೆಯ ಒಳ್ಳೊಳ್ಳೆಯ ಭಾಗಗಳೆಲ್ಲ ನನಗೆ ಸಿಕ್ಕಿದ್ದು ಈ ಕಟ್ಟುಪಾಡಿನಿಂದಲೇ. ಅದು ಹೇಗಾಯ್ತು ಅಂತ ಬರೆಯುತ್ತೇನೆ.

ನನ್ನ ಊರು ಮೈಸೂರು. ಈಗ ಇರುವುದು ತೈವಾನಿನ ಶಿನ್‌ಚುನಲ್ಲಿ. ಚಿಪ್ ಕಾರ್ಖಾನೆಗಳಿಗೆ ಹೊರದೇಶದಿಂದ ಬರುವ ಯಂತ್ರಗಳನ್ನು ಬಿಚ್ಚಿ, ಕೂರಿಸಿ, ಲೆವೆಲ್ ಮಾಡಿ, ಓಡಿಸಿ ಕೊಡುವುದು ನನ್ನ ಕೆಲಸ. ಚೀನೀ ಭಾಷೆ ಕಲಿತದ್ದು ಮೊದಲು ಹೊಟ್ಟೆಪಾಡಿಗೆ, ಆಮೇಲೆ ಹುಚ್ಚಿಗೆ. ಆ ಹುಚ್ಚು ಹತ್ತಿದ್ದು ತೈಚುಂಗ್‌ನ ರಾಷ್ಟ್ರೀಯ ನೈಸರ್ಗಿಕ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ. ಅಲ್ಲಿ ಸು ಸೊಂಗ್ ಎಂಬ ಅಧಿಕಾರಿ ಕಟ್ಟಿಸಿದ ಗಡಿಯಾರ ಗೋಪುರದ ಪೂರ್ತಿ ಅಳತೆಯ ಪ್ರತಿಕೃತಿ ಇದೆ.

ಈ ಗೋಪುರದ ಬಗ್ಗೆ ಸ್ವಲ್ಪ ಹೇಳಲೇಬೇಕು. ಸೊಂಗ್ ರಾಜವಂಶದ ರಾಜಧಾನಿ ಕೈಫೆಂಗ್. 1086ರಲ್ಲಿ ಅಪ್ಪಣೆ ಸಿಕ್ಕಿತು, 1088ರಲ್ಲಿ ಮರದ ಮಾದರಿ ತಯಾರಾಯಿತು, 1092ರ ಹೊತ್ತಿಗೆ ಸುಮಾರು 12 ಮೀಟರ್ ಎತ್ತರದ ಗೋಪುರ ಎದ್ದು ನಿಂತಿತ್ತು. ಮೇಲ್ಗಡೆ ಕಂಚಿನ ಬಳೆಗಳನ್ನು ಒಂದರೊಳಗೊಂದು ಜೋಡಿಸಿದ ಗೋಳಯಂತ್ರ, ನಕ್ಷತ್ರ ನೋಡೋಕೆ. ಅದರ ಕೆಳಗೆ ತಾನಾಗಿ ತಿರುಗುವ ಆಕಾಶದ ಗೋಳ. ಮುಂದುಗಡೆ ಬಾಗಿಲುಗಳಿಂದ ಹೊರಬಂದು ಗಂಟೆ, ಡೋಲು ಬಾರಿಸಿ ಹೊತ್ತು ಹೇಳುವ ಗೊಂಬೆಗಳು. ಇದನ್ನೆಲ್ಲ ಓಡಿಸುವುದು ಒಳಗಿರುವ ಒಂದು ನೀರಿನ ಚಕ್ರ. ಚಕ್ರದ ಸುತ್ತ 36 ಬಟ್ಟಲು. ತೊಟ್ಟಿಯಿಂದ ಒಂದೇ ಸಮನಾಗಿ ನೀರು ಬಂದು ಬಟ್ಟಲಿಗೆ ಬೀಳುತ್ತಿರುತ್ತದೆ, ಚಕ್ರ ಮಾತ್ರ ಅಲ್ಲಾಡುವುದಿಲ್ಲ, ಏಕೆಂದರೆ ಮೇಲೊಂದು ಅಗುಳಿ ಹಿಡಿದುಕೊಂಡಿದೆ. ಬಟ್ಟಲು ತುಂಬಿ ಭಾರ ಸಾಕಷ್ಟಾದ ತಕ್ಷಣ ಕೆಳಗಿನ ಸನ್ನೆಕೋಲನ್ನು ಒತ್ತುತ್ತದೆ, ಆ ಸನ್ನೆಕೋಲು ಸರಪಳಿ ಎಳೆದು ಮೇಲಿನ ಅಗುಳಿ ಎತ್ತುತ್ತದೆ, ಚಕ್ರ ಒಂದೇ ಒಂದು ಮನೆ ಮುಂದೆ ಹೋಗುತ್ತದೆ, ಅಗುಳಿ ಮತ್ತೆ ಬೀಳುತ್ತದೆ. ಟಕ್.

1950ರ ದಶಕದಲ್ಲಿ ಇದನ್ನು ಬಿಡಿಸಿ ನೋಡಿದ ವಿಜ್ಞಾನ ಇತಿಹಾಸಕಾರ ಜೋಸೆಫ್ ನೀಧಮ್ ಮತ್ತು ಸಂಗಡಿಗರ ಲೆಕ್ಕದಲ್ಲಿ ಒಂದು ಬಟ್ಟಲಿಗೆ 24 ಸೆಕೆಂಡು. ಚಕ್ರ ದಿನಕ್ಕೆ 100 ಸುತ್ತು. ಅಂದರೆ ದಿನಕ್ಕೆ 3600 ಬಟ್ಟಲು. ಪಂಚಾಂಗ ನೋಡುವ ಮನೆಯವರಿಗೆ ಈ ಅಂಕಿ ಗೊತ್ತು. ದಿನಕ್ಕೆ 60 ಘಳಿಗೆ, ಘಳಿಗೆಗೆ 60 ವಿಘಳಿಗೆ, ಒಟ್ಟು 3600. ಅಲ್ಲಿನ ಒಂದು ಬಟ್ಟಲು ಇಲ್ಲಿನ ಒಂದು ವಿಘಳಿಗೆ! ಇದು ಬರೀ ಕಾಕತಾಳೀಯ, ಇದರ ಮೇಲೆ ಯಾರೂ ಥಿಯರಿ ಕಟ್ಟಬೇಡಿ. ಆದರೆ ಕನ್ನಡದಲ್ಲಿ ಬರೆಯುವ ನನಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಬೇಕಾಗಿರಲಿಲ್ಲ. ಕಾದಂಬರಿಯಲ್ಲಿ ಎಲ್ಲೂ ಸೆಕೆಂಡು, ನಿಮಿಷ ಬರುವುದಿಲ್ಲ.

ಪಂಚಾಂಗದ ವಿಷಯ ಬಂತಲ್ಲ, ಸು ಸೊಂಗ್ ಈ ಕೆಲಸಕ್ಕೆ ಕೈಹಾಕುವುದಕ್ಕೆ ಮುಂಚಿನ ಒಂದು ಪ್ರಸಂಗವೂ ಪಂಚಾಂಗದ್ದೇ. 1077ರ ಚಳಿಗಾಲದಲ್ಲಿ ಅವನು ಉತ್ತರದ ಲಿಯಾವ್ ರಾಜ್ಯಕ್ಕೆ ರಾಯಭಾರಿಯಾಗಿ ಹೋದ. ಅಲ್ಲಿ ನೋಡಿದರೆ ದಕ್ಷಿಣಾಯನ ಮುಗಿಯುವ ದಿನದ ಲೆಕ್ಕದಲ್ಲಿ ಇವರ ಪಂಚಾಂಗಕ್ಕೂ ಅವರ ಪಂಚಾಂಗಕ್ಕೂ ಒಂದು ದಿನ ವ್ಯತ್ಯಾಸ. ಸರಿಯಾಗಿದ್ದದ್ದು ಅವರದ್ದು. ಪಂಚಾಂಗ ಹೊರಡಿಸುವುದು ಅಲ್ಲಿ ಚಕ್ರವರ್ತಿಯ ಹಕ್ಕು, ತಪ್ಪಿದರೆ ಮಾನದ ಪ್ರಶ್ನೆ. ಸು ಸೊಂಗ್ ಏನೋ ಸಮಾಧಾನ ಹೇಳಿ, ಲೆಕ್ಕದ ಪದ್ಧತಿ ಬೇರೆ ಬೇರೆ ಇರುತ್ತದೆ, ಅವರವರದ್ದು ಅವರವರು ಪಾಲಿಸಿದರಾಯಿತು ಅಂತ ಸಂಭಾಳಿಸಿಬಿಟ್ಟ. ವಾಪಸ್ ಬಂದಮೇಲೆ ಚಕ್ರವರ್ತಿ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಏಕಾದಶಿ ಇವತ್ತೋ ನಾಳೆಯೋ ಅಂತ ಒಂಟಿಕೊಪ್ಪಲ್ ಪಂಚಾಂಗ ಒಂದು ಕೈಯಲ್ಲಿ, ಮಠದ ಪಂಚಾಂಗ ಇನ್ನೊಂದು ಕೈಯಲ್ಲಿ ಹಿಡಿದು ಹಜಾರದಲ್ಲಿ ನಡೆಯುವ ಜಗಳ ನೋಡಿಕೊಂಡೇ ಬೆಳೆದವರಿಗೆ ಈ ಸನ್ನಿವೇಶ ಬರೆಯೋದು ಕಷ್ಟವೇ ಅಲ್ಲ. ಮೊದಲ ಅಧ್ಯಾಯ ಅದೇ.

ಆದರೆ ಕಾದಂಬರಿ ನಿಂತಿರುವುದು ಕಟ್ಟಿದ ಕಥೆಯ ಮೇಲಲ್ಲ, ಕಿತ್ತ ಕಥೆಯ ಮೇಲೆ. 1127ರಲ್ಲಿ ಉತ್ತರದ ಜಿನ್ ರಾಜವಂಶದ ಸೈನ್ಯ ಕೈಫೆಂಗ್ ಗೆದ್ದಿತು. ಇಬ್ಬರು ಚಕ್ರವರ್ತಿಗಳನ್ನು, ಅಪ್ಪ ಮತ್ತು ಮಗ, ಸೆರೆಹಿಡಿದು ಒಯ್ದರು. ರಾಜಮನೆತನದವರು, ಕುಶಲಕರ್ಮಿಗಳು, ಪುಸ್ತಕಗಳು, ಪಾತ್ರೆಗಳು, ಎಲ್ಲವೂ ಉತ್ತರಕ್ಕೆ ಹೋದವು. ಗೋಪುರವನ್ನೂ ಬಿಚ್ಚಿ ಇವತ್ತಿನ ಬೀಜಿಂಗ್ ಇರುವ ಕಡೆ ಸಾಗಿಸಿದರು. ಜಿನ್ ವಂಶದ ಅಧಿಕೃತ ಇತಿಹಾಸ ಸಿದ್ಧವಾದದ್ದು 1344ರಲ್ಲಿ, ಮಂಗೋಲರ ಕಾಲದಲ್ಲಿ. ಅದರ ಪಂಚಾಂಗ ಗಣಿತದ ಭಾಗದಲ್ಲಿ ಈ ಯಂತ್ರಕ್ಕೆ ಮುಂದೇನಾಯಿತು ಅಂತ ಕೆಲವೇ ಸಾಲುಗಳಿವೆ. ನನಗೆ ಹಳೆಯ ಚೀನೀ ಬರಹ ಹೇಳಿಕೊಡುವ ಲಾವ್‌ಶಿ (ಇಲ್ಲಿ ಮೇಷ್ಟ್ರನ್ನು ಹಾಗೇ ಕರೆಯುತ್ತೇವೆ) ಜೊತೆ ಕೂತು ಆ ಸಾಲುಗಳನ್ನು ಒಂದೊಂದಾಗಿ ಬಿಡಿಸಿದೆ. ನಕ್ಷತ್ರಶಾಸ್ತ್ರ ಅವರಿಗೆ ಬೇಜಾರು, ವ್ಯಾಕರಣ ನನಗೆ ಬೇಜಾರು. ಹೇಗೋ ನಡೆಯಿತು.

ಅಲ್ಲಿರುವುದು ಇಷ್ಟು. ಹಲ್ಲುಚಕ್ರಗಳು, ಗಂಟೆ, ಡೋಲು, ನೀರಿನ ತೊಟ್ಟಿ ಇವೆಲ್ಲ ಎಷ್ಟೋ ಕಾಲದ ಹಿಂದೆಯೇ ಹಾಳಾಗಿ ಬಿಸಾಡಿದ್ದಾಯಿತು. ಕಂಚಿನ ಗೋಳಯಂತ್ರವನ್ನು ಮಾತ್ರ ಇಟ್ಟುಕೊಂಡರು. ಅದರ ನಳಿಗೆಯಲ್ಲಿ ನೋಡಿದರೆ ಧ್ರುವನಕ್ಷತ್ರ ಸಿಗಲಿಲ್ಲ, ನಾಲ್ಕು ಡಿಗ್ರಿ ಸರಿಸಿದ ಮೇಲೆಯೇ ಕಂಡಿತು. 1195ರಲ್ಲಿ ಜೋರು ಮಳೆ ಗಾಳಿ, ಸಿಡಿಲು ಬಡಿಯಿತು, ಯಂತ್ರದ ಪೀಠದ ಅಡಿಯಿಂದ ಡ್ರ್ಯಾಗನ್ ಎದ್ದಿತು, ಕಟ್ಟೆ ನಡುವೆ ಬಿರುಕುಬಿಟ್ಟು ಕುಸಿದು ಯಂತ್ರ ಕೆಳಗೆ ಬಿತ್ತು. 1214ರಲ್ಲಿ ಮಂಗೋಲರ ಕಾಟ ತಾಳಲಾರದೆ ಜಿನ್ ಅರಸರು ದಕ್ಷಿಣಕ್ಕೆ ಓಡಿದಾಗ ಇದನ್ನು ಕರಗಿಸೋಣವೆಂದರೆ ಮನಸ್ಸು ಬರಲಿಲ್ಲ, ಇಡಿಯಾಗಿ ಹೊತ್ತೊಯ್ಯೋಣವೆಂದರೆ ಗಾಡಿಗೆ ಭಾರ. ಅಲ್ಲೇ ಬಿಟ್ಟುಹೋದರು.

ಇದನ್ನು ಓದಿ ಮುಗಿಸಿದಾಗ ನನಗೆ ಕಥೆ ಸಿಕ್ಕಿಹೋಗಿತ್ತು.

ಮೊದಲು ಆ ನಾಲ್ಕು ಡಿಗ್ರಿ. ಕೈಫೆಂಗ್ ಇರುವುದು 35ನೇ ಅಕ್ಷಾಂಶದ ಹತ್ತಿರ, ಬೀಜಿಂಗ್ 40ರ ಹತ್ತಿರ. ಉತ್ತರಕ್ಕೆ ಹೋದಷ್ಟೂ ಧ್ರುವನಕ್ಷತ್ರ ಮೇಲೇರುತ್ತದೆ, ಹಾಗಾಗಿ ಒಂದೂರಿಗೆ ಕೂರಿಸಿದ ಯಂತ್ರ ಇನ್ನೊಂದೂರಿನಲ್ಲಿ ಹಾಗೇ ಇಟ್ಟರೆ ನಡೆಯುವುದಿಲ್ಲ. ಇದು ನನಗೆ ದಿನನಿತ್ಯದ ವಿಷಯ. ನಮ್ಮ ಯಂತ್ರಗಳು ಬರುವ ಪೆಟ್ಟಿಗೆಗಳ ಮೇಲೆ ಒಂದು ಶಾಕ್ ಸ್ಟಿಕ್ಕರ್ ಇರುತ್ತದೆ. ದಾರಿಯಲ್ಲಿ ಜೋರಾಗಿ ಪೆಟ್ಟು ಬಿದ್ದರೆ ಅದರೊಳಗಿನ ಕೊಳವೆ ಕೆಂಪಾಗುತ್ತದೆ. ಪೆಟ್ಟಿಗೆ ಇಳಿದ ತಕ್ಷಣ ಎಲ್ಲರ ಕಣ್ಣು ಮೊದಲು ಹೋಗುವುದು ಅಲ್ಲಿಗೆ. ಕೆಂಪಾಗಿದ್ದರೆ ಫೋಟೋ, ಮೇಲ್, ಮೀಟಿಂಗ್, ಯಾರ ತಪ್ಪು ಅನ್ನೋ ವಾದ. ಬೆಳ್ಳಗಿದ್ದರೂ ಪಾದಗಳನ್ನು ತಿರುಗಿಸಿ ತಿರುಗಿಸಿ ಲೆವೆಲ್ ಮಾಡದೆ ಯಂತ್ರ ಮಾತು ಕೇಳುವುದಿಲ್ಲ. ಈಗ ಯೋಚಿಸಿ: 1127, ಎತ್ತಿನ ಗಾಡಿಗಳು, ಹಲ್ಲುಚಕ್ರಗಳನ್ನು ಕಿತ್ತವರು ಸೈನಿಕರು, ಜೋಡಿಸಬೇಕಾದವರು ಸೆರೆಯಾಳುಗಳು. ನನ್ನ ಕಥಾನಾಯಕಿ ಹುಟ್ಟಿದ್ದು ಹೀಗೆ, ಗಾಡಿಯ ಜೊತೆ ನಡೆದುಬಂದ ಒಬ್ಬ ಗಂಟೆ ರಿಪೇರಿಯವನ ಮಗಳು. ಅವಳು ಪೂರ್ತಿ ನನ್ನ ಸೃಷ್ಟಿ. ನಾಲ್ಕು ಡಿಗ್ರಿ ಸರಿಸಬೇಕು ಅಂತ ಅವಳಿಗೆ ಮೊದಲ ದಿನವೇ ಗೊತ್ತು. ಗೆದ್ದವರಿಗೆ ಹೇಳುವುದಿಲ್ಲ.

ಆಮೇಲೆ ಡ್ರ್ಯಾಗನ್. ಅಧಿಕೃತ ಇತಿಹಾಸದಲ್ಲಿ, ಮಳೆ ಬಂತು ಅನ್ನುವಷ್ಟೇ ಸಲೀಸಾಗಿ, ಡ್ರ್ಯಾಗನ್ ಎದ್ದಿತು ಅಂತ ಬರೆದಿದ್ದಾರೆ. ನನ್ನ ಕಟ್ಟುಪಾಡಿನ ಪ್ರಕಾರ ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕುವಂತಿಲ್ಲ, ನಿಜವಾಗಿ ಪಕ್ಷಿಯಂತೆ ಹಾರುವ ಪ್ರಾಣಿ ತಂದು ಫ್ಯಾಂಟಸಿ ಮಾಡುವಂತೆಯೂ ಇಲ್ಲ. ನೋಡಿದವರಿಗೆ ಡ್ರ್ಯಾಗನ್ ಹಾಗೆ ಕಂಡದ್ದು ಏನಿರಬಹುದು? ಉತ್ತರ ಸಿಕ್ಕಿದ್ದು ಇನ್ನೂ ಹಳೆಯ ಒಂದು ಗಡಿಯಾರದಲ್ಲಿ. ಸು ಸೊಂಗ್‌ಗಿಂತ ನೂರು ವರ್ಷ ಮುಂಚೆ, 970ರ ದಶಕದಲ್ಲಿ, ಜಾಂಗ್ ಸಿಶುನ್ ಎಂಬವನು ಇಂಥದ್ದೇ ಗಡಿಯಾರ ಕಟ್ಟಿದ್ದ. ಚಳಿಗಾಲದಲ್ಲಿ ನೀರು ಗಟ್ಟಿಯಾಗುತ್ತೆ ಅಂತ ಅವನು ನೀರಿನ ಬದಲು ಪಾದರಸ ಹಾಕಿದ. ಪಾದರಸ ಹೆಪ್ಪುಗಟ್ಟೋಕೆ ಮೈನಸ್ 39 ಡಿಗ್ರಿ ಬೇಕು, ಕೈಫೆಂಗ್‌ನಲ್ಲಿ ಅಷ್ಟು ಚಳಿ ಎಲ್ಲಿಂದ ಬರಬೇಕು.

ಇಲ್ಲಿಂದ ಮುಂದೆ ಕಲ್ಪನೆ. ಗೋಪುರದ ಲೆಕ್ಕಾಚಾರ ಮಾಡಿಕೊಟ್ಟವನು ಹಾನ್ ಗೊಂಗ್‌ಲಿಯೆನ್, ಸಿಬ್ಬಂದಿ ಇಲಾಖೆಯ ಒಬ್ಬ ಗುಮಾಸ್ತ. ಗಣಿತದಲ್ಲಿ ಗಟ್ಟಿಗ ಅಂತ ಸು ಸೊಂಗ್ ಹುಡುಕಿ ತಂದದ್ದು. ನನ್ನ ಕಾದಂಬರಿಯಲ್ಲಿ ಅವನು ಪೀಠದೊಳಗೆ ಮುಚ್ಚಿದ ಒಂದು ಪಾದರಸದ ಯಂತ್ರ ಇಟ್ಟಿದ್ದಾನೆ. ಹಗಲಿನ ಬಿಸಿಗೆ ಪಾದರಸ ಹಿಗ್ಗುತ್ತದೆ, ರಾತ್ರಿಯ ಚಳಿಗೆ ಕುಗ್ಗುತ್ತದೆ, ಆ ಹಿಗ್ಗು ಕುಗ್ಗಿಗೆ ದಿನಕ್ಕೊಂದು ಹಲ್ಲು ತಿರುಗುತ್ತದೆ. ಮೇಲಿನ ಗಡಿಯಾರ ಕಿತ್ತರೂ, ಊರು ಬದಲಾದರೂ ಅದು ಎಣಿಸುತ್ತಲೇ ಇರುತ್ತದೆ. 1195ರ ಸಿಡಿಲಿನ ಶಾಖಕ್ಕೆ ಪೀಠ ಒಡೆದು ಪಾದರಸ ಆವಿಯಾಗಿ, ಹನಿಯಾಗಿ, ಮಿಂಚಿನ ಬೆಳಕಿನಲ್ಲಿ ಬೆಳ್ಳಗೆ ಹೊಳೆಯುತ್ತ ಮೇಲಕ್ಕೆ ಚಿಮ್ಮುತ್ತದೆ. ಕಟ್ಟೆಯ ಕೆಳಗೆ ನಿಂತವರಿಗೆ ಅದು ಏನಾಗಿ ಕಂಡೀತು? ಏನನ್ನು ಎಣಿಸುತ್ತಿತ್ತು ಅನ್ನುವುದನ್ನು ಇಲ್ಲಿ ಹೇಳಿದರೆ ಪುಸ್ತಕ ಯಾರು ಕೊಳ್ಳುತ್ತಾರೆ?

ಅನ್ಯಗ್ರಹದವರನ್ನು ತರಲಿಲ್ಲ. ಮೊದಲ ಓದುಗರಲ್ಲಿ ಇಬ್ಬರು ಮೂವರು ಅದನ್ನೇ ಕೇಳಿದರು. 1054ರಲ್ಲಿ ಹಗಲಲ್ಲೇ ಕಾಣುವಷ್ಟು ಪ್ರಖರವಾದ 'ಅತಿಥಿ ನಕ್ಷತ್ರ'ವನ್ನು ಇದೇ ಸೊಂಗ್ ಜ್ಯೋತಿಷಿಗಳು ಬರೆದಿಟ್ಟಿದ್ದಾರೆ, ನಕ್ಷತ್ರ ಸಿಡಿದದ್ದು ಅದು, ಅಲ್ಲಿಂದ ಯಾರೋ ಬಂದು ಹೇಳಿಕೊಟ್ಟರು ಅಂತ ಮಾಡಬಹುದಲ್ಲ ಅಂದರು. ಬೇಡವೇ ಬೇಡ. ಎಲ್ಲೋರಾದ ಕೈಲಾಸ ದೇವಾಲಯ ಅನ್ಯಗ್ರಹದವರು ಕೊರೆದದ್ದು ಅನ್ನುವ ವಿಡಿಯೋ ನೋಡಿದಾಗ ಮೈ ಉರಿಯುತ್ತಲ್ವಾ? ರಾತ್ರಿಯೆಲ್ಲ ಕೂತು ಹಲ್ಲು ಎಣಿಸಿದ ಗುಮಾಸ್ತನಿಗೂ ಅದೇ ಅವಮಾನ ನಾನ್ಯಾಕೆ ಮಾಡಲಿ.

ಎಲ್ಲಕ್ಕಿಂತ ಜಾಸ್ತಿ ಒದ್ದಾಡಿಸಿದ್ದು ಕಾಲ. 1127ರಿಂದ 1214 ಅಂದರೆ 87 ವರ್ಷ. ಒಂದೇ ಪಾತ್ರ ಅಷ್ಟು ದೂರ ಬರೋಕೆ ಸಾಧ್ಯವಿಲ್ಲ. ಆಯಸ್ಸು ಹೆಚ್ಚಿಸುವ ಔಷಧಿ ಕೊಡಬಹುದಿತ್ತು, ಸೈನ್ಸ್ ಫಿಕ್ಷನ್ ತಾನೇ, ಯಾರೂ ಕೇಳುತ್ತಿರಲಿಲ್ಲ. ಮೂರು ತಲೆಮಾರು ಮಾಡಿದೆ. ಅಜ್ಜಿ ಕೈಫೆಂಗ್ ಮಾತಾಡುತ್ತಾಳೆ, ಕೈಫೆಂಗ್ ಅಡುಗೆ ಮಾಡುತ್ತಾಳೆ, ಒಂದು ದಿನ ವಾಪಸ್ ಹೋಗುತ್ತೇವೆ ಅನ್ನುತ್ತಾಳೆ. ಮಗಳಿಗೆ ಎರಡೂ ಗೊತ್ತು, ಎರಡರಲ್ಲೂ ಸಮಾಧಾನವಿಲ್ಲ. ಮೊಮ್ಮಗಳಿಗೆ ಕೈಫೆಂಗ್ ಅಂದರೆ ಅಜ್ಜಿಯ ಕೊರೆತ. ಈ ಭಾಗಕ್ಕೆ ಗ್ರಂಥಾಲಯಕ್ಕೆ ಹೋಗಬೇಕಾಗಲಿಲ್ಲ. ಹೊರದೇಶದಲ್ಲಿರುವ ಯಾವುದೇ ಕನ್ನಡದ ಮನೆಯಲ್ಲಿ ಭಾನುವಾರದ ವಿಡಿಯೋ ಕಾಲ್ ಹೊತ್ತಿಗೆ ಸುಮ್ನೆ ಕೂತರೆ ಸಾಕು. ಅರ್ಥವಾಗದಿದ್ದರೂ ತಲೆಯಾಡಿಸುವುದು, ನಗು ಬರದಿದ್ದರೂ ಎಲ್ಲರೂ ನಕ್ಕ ಮೇಲೆ ಅರೆಕ್ಷಣ ತಡವಾಗಿ ನಗುವುದು, ಇದನ್ನೆಲ್ಲ ನನ್ನಿಂದಲೇ ಎತ್ತಿ ಆ ಗಂಟೆಯವನ ಮಗಳಿಗೆ ಕೊಟ್ಟೆ.

ಮತ್ತೆ ಇತಿಹಾಸವೇ ಒಂದು ತಿರುವು ಇಟ್ಟುಕೊಂಡಿತ್ತು. 1214ರಲ್ಲಿ ಜಿನ್ ಅರಸರು ಓಡಿಹೋಗಿ ಹೊಸ ರಾಜಧಾನಿ ಮಾಡಿಕೊಂಡದ್ದು ಎಲ್ಲಿ ಗೊತ್ತಾ? ಕೈಫೆಂಗ್‌ನಲ್ಲಿ! ಅಜ್ಜಿ ಜೀವಮಾನವೆಲ್ಲ ಕನಸು ಕಂಡ ಊರಿಗೆ ಮೊಮ್ಮಗಳು ಹೋಗುತ್ತಾಳೆ, ಸೆರೆಹಿಡಿದವರ ಜೊತೆಗೇ, ಅವರ ಹಾಗೇ ನಿರಾಶ್ರಿತಳಾಗಿ. ಯಂತ್ರ ಮಾತ್ರ ಉತ್ತರದಲ್ಲೇ ಉಳಿಯಿತು. ಇಂಥದ್ದನ್ನು ನಾನೇ ಕಟ್ಟಿದ್ದರೆ 'ಬೇಕು ಅಂತ ಮಾಡಿದ್ದು' ಅನ್ನುತ್ತಿದ್ದರು.

ಸಣ್ಣಪುಟ್ಟ ಎಚ್ಚರಗಳೂ ಇದ್ದವು. ಶೆನ್‌ಜೊಂಗ್, ಹುಯಿಜೊಂಗ್ ಅಂತೆಲ್ಲ ಪುಸ್ತಕಗಳಲ್ಲಿ ಓದುವ ಹೆಸರುಗಳು ಚಕ್ರವರ್ತಿ ಸತ್ತ ಮೇಲೆ ಇಡುವಂಥವು, ಬದುಕಿದ್ದಾಗ ಯಾರೂ ಹಾಗೆ ಕರೆಯುವುದಿಲ್ಲ. ಹಾಗಾಗಿ ಸಂಭಾಷಣೆಯಲ್ಲಿ ಬರೀ 'ದೊರೆಗಳು'. ಅಡುಗೆಮನೆಯಲ್ಲಿ ಮೆಣಸಿನಕಾಯಿ, ಆಲೂಗಡ್ಡೆ, ಮೆಕ್ಕೆಜೋಳದ ತೆನೆ ಇಲ್ಲ, ಅವು ಅಮೆರಿಕದಿಂದ ಬಂದದ್ದು ಎಷ್ಟೋ ಕಾಲದ ನಂತರ. ಬೀದಿ ಹೇಗಿತ್ತು ಅಂತ ನೋಡೋಕೆ ಜಾಂಗ್ ಜೆದುವಾನ್ ಬರೆದದ್ದೆಂದು ಹೇಳುವ ಐದು ಮೀಟರ್ ಉದ್ದದ ಸುರುಳಿಚಿತ್ರ ಇದೆಯಲ್ಲ, ದೋಣಿ, ಗಾಡಿ, ಹೋಟೆಲು, ಸೇತುವೆ ಮೇಲಿನ ನೂಕುನುಗ್ಗಲು ಎಲ್ಲ ಇರುವಂಥದ್ದು, ಅದನ್ನು ಪರದೆಯ ಮೇಲೆ ಹಿಗ್ಗಿಸಿ ಹಿಗ್ಗಿಸಿ ನೋಡಿದೆ.

ಕಾದಂಬರಿಯೊಳಗೆ ಭವಿಷ್ಯದ ಕಥೆಯೂ ಒಂದಿದೆ, 2395ರದ್ದು. ಸೋತ ಹಡಗಿನ ದಿಕ್ಕು ನೋಡುವ ಯಂತ್ರವನ್ನು ಗೆದ್ದ ಹಡಗಿನವರು ಕಿತ್ತು ತಂದಿಟ್ಟುಕೊಂಡಿದ್ದಾರೆ. ಮೊದಲು ಎರಡೂ ಕಥೆಗಳನ್ನು ಸಮ ಸಮ ಹಂಚಿದ್ದೆ, ಆದರೆ 12ನೇ ಶತಮಾನದ ಮುಂದೆ 24ನೇ ಶತಮಾನ ಸಪ್ಪೆ ಅನಿಸಿ ಅದನ್ನು ಕಾಲುಭಾಗಕ್ಕೆ ಇಳಿಸಿದೆ. ಈಗ ಹಸ್ತಪ್ರತಿ ಪ್ರಕಾಶಕರ ಹತ್ತಿರ ಇದೆ. ಮೊದಲ ಪುಟದಲ್ಲಿ ನಕ್ಷೆ ಬೇಕೋ ಬೇಡವೋ ಅಂತ ಎಳೆದಾಟ ನಡೆಯುತ್ತಿದೆ. ಖರ್ಚು ಜಾಸ್ತಿ ಅನ್ನುತ್ತಾರೆ. ಕೈಫೆಂಗ್, ಬೀಜಿಂಗ್, ನಡುವೆ ಐದು ಅಕ್ಷಾಂಶ ಗೆರೆ, ಇಷ್ಟಿದ್ದರೆ ಸಾಕು ಅಂತ ನಾನೇ ಬಿಡಿಸಿ ಕಳಿಸಿದ್ದೇನೆ.