ಮೀಟರ್ ಒಂದು ಸಲ ಮಿಣುಕಿದರೆ ನೀರು ಎಷ್ಟು ಎತ್ತರ ಏರುತ್ತೆ?

ಬೆಟಗೇರಿಯಲ್ಲಿ ಪಂಪು, ಮೋಟಾರ್ ರಿಪೇರಿ ನನ್ನ ಕೆಲಸ. ಮೊನ್ನೆ ಪಕ್ಕದ ಓಣಿಯ ಅಕ್ಕಾರು ಕರೆದರು. "ತಮ್ಮಾ, ಟಾಕಿ ತುಂಬಾಕ ಮೊದಲಿಗಿಂತ ಭಾಳ ಹೊತ್ತು ಹಿಡೀತೈತಿ ನೋಡಪಾ" ಅಂದರು. ಇಂಥಲ್ಲಿ ನಾನು ಮೊದಲು ಮೋಟಾರ್ ಬಿಚ್ಚುವುದಿಲ್ಲ, ಕರೆಂಟ್ ಮೀಟರ್ ಮುಂದೆ ನಿಲ್ಲುತ್ತೇನೆ.

ಅವರ ಮೀಟರ್ ಮೇಲೆ ಯೂನಿಟ್‌ಗೆ 3200 ಮಿಣುಕು ಅಂತ ಬರೆದಿದೆ. ಒಂದು ಯೂನಿಟ್ ಅಂದ್ರೆ 36 ಲಕ್ಷ ಜೂಲ್ (ಜೂಲ್ ಅಂದ್ರೆ ಶಕ್ತಿಯ ಅಳತೆ). ಭಾಗಿಸಿದರೆ ಮೀಟರಿನ ಕೆಂಪು ದೀಪ ಒಮ್ಮೆ ಮಿಣುಕಿದರೆ 1,125 ಜೂಲ್ ಖರ್ಚಾಯಿತು ಅಂತ. (ಕೆಲವು ಮೀಟರ್‌ಗೆ ಬೇರೆ ಸಂಖ್ಯೆ ಇರುತ್ತೆ, ನಿಮ್ಮದನ್ನು ನೋಡಿಕೊಳ್ಳಿ.) ಎತ್ತರ ಬೇಕಾದರೆ ಶಕ್ತಿಯನ್ನು ತೂಕದ ಕಿಲೋ ಮತ್ತು 9.8 (ಭೂಮಿಯ ಸೆಳೆತದ ಅಂಕಿ), ಇವೆರಡರ ಗುಣಲಬ್ಧದಿಂದ ಭಾಗಿಸಬೇಕು, ಅಷ್ಟೇ. 20 ಲೀಟರ್ ಕ್ಯಾನಿನ ನೀರು 20 ಕಿಲೋ, 9.8ರಿಂದ ಗುಣಿಸಿದರೆ 196. 1,125 ಭಾಗಿಸು 196, ಅಂದ್ರೆ 5.7 ಮೀಟರ್. ಒಂದೇ ಮಿಣುಕಿಗೆ ತುಂಬಿದ ಕ್ಯಾನು ಮಾಳಿಗೆ ಮೇಲೆ! ಈ ಲೆಕ್ಕ ಮೊದಲ ಸಲ ಮಾಡಿದಾಗ ನಂಬದೆ ಮೂರು ಸಲ ಭಾಗಿಸಿ ನೋಡಿದ್ದೆ.

ಇನ್ನು ಎತ್ತರ ಅಳೆಯುವುದು. ಹಗ್ಗಕ್ಕೊಂದು ನಟ್ಟು ಕಟ್ಟಿ, ಟಾಕಿಯೊಳಗೆ ಪೈಪಿನಿಂದ ನೀರು ಬೀಳುವ ಮಟ್ಟದಿಂದ ಸಂಪಿನ ನೀರಿನ ಮಟ್ಟದವರೆಗೆ ಇಳಿಬಿಟ್ಟೆ. 11 ಮೀಟರ್ ಬಂತು. ಪೈಪ್ ಅಡ್ಡಡ್ಡ ಎಷ್ಟು ಉದ್ದ ಓಡಿದರೂ ಎತ್ತರದ ಲೆಕ್ಕಕ್ಕೆ ಸೇರಿಸಬಾರದು, ಅದರ ತಿಕ್ಕಾಟ ನಷ್ಟದ ಕಡೆ ಬರುತ್ತೆ. ಟಾಕಿ 500 ಲೀಟರ್. 500 × 9.8 × 11 ಅಂದ್ರೆ 53,900 ಜೂಲ್. ಏನೂ ನಷ್ಟವಿಲ್ಲದಿದ್ದರೆ 48 ಮಿಣುಕು ಸಾಕು.

ಫ್ರಿಜ್ಜು, ಫ್ಯಾನು ಎಲ್ಲ ಬಂದ್ ಮಾಡಿಸಿ ಖಾಲಿ ಟಾಕಿಗೆ ಪಂಪ್ ಹಚ್ಚಿದೆ. ಎರಡು ಸೆಕೆಂಡಿಗೊಂದರಂತೆ ದೀಪ ಮಿಣುಕುತ್ತಾ ಹೋಯಿತು, ಐವತ್ತಕ್ಕೊಂದು ಗೆರೆ ಹಾಕುತ್ತಾ ಎಣಿಸಿದೆ. ಟಾಕಿ ತುಂಬುವಷ್ಟರಲ್ಲಿ 400! ಅಂದ್ರೆ 4,50,000 ಜೂಲ್. ಅಷ್ಟು ಶಕ್ತಿಗೆ ಅದೇ ನೀರು ಸುಮಾರು 92 ಮೀಟರ್ ಏರಬೇಕಿತ್ತು, ಏರಿದ್ದು 11. ನೂರಕ್ಕೆ 12 ಪಾಲು ಮಾತ್ರ ನೀರೆತ್ತಲು ಹೋಯಿತು, ಉಳಿದದ್ದು ಮೋಟಾರಿನ ಬಿಸಿ, ಸದ್ದು, ಪೈಪಿನ ತಿಕ್ಕಾಟ. ಮನೆಯ ಅರ್ಧ ಎಚ್‌ಪಿ ಪಂಪುಗಳಲ್ಲಿ ನಷ್ಟ ಜಾಸ್ತಿಯೇ, ಆದರೆ ಇಷ್ಟು ಅಂದ್ರೆ ನನಗೆ ಅನುಮಾನ ಬಂತು.

ಸಂಪಿನಿಂದ ಪೈಪ್ ಎಳೆದೆ. ಪೈಪಿನ ಕೆಳತುದಿಯ ಫುಟ್ ವಾಲ್ವಿನ ಜಾಳಿಗೆಯ ತೂತುಗಳಲ್ಲಿ ರಾಡಿ ಮೆತ್ತಿ, ಅರ್ಧಕ್ಕರ್ಧ ಮುಚ್ಚಿಹೋಗಿದ್ದವು. ನಳದ ನೀರು ದಿನಗಟ್ಟಲೆ ಬಿಟ್ಟು ಬರುವ ಊರಿನಲ್ಲಿ ಸಂಪಿನ ತಳದಲ್ಲಿ ರಾಡಿ ಕೂಡುವುದು ಸಹಜ ಅಲ್ವಾ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಒಂದೊಂದೇ ತೂತು ತಿಕ್ಕಿ, ವಾಲ್ವನ್ನು ತಳದಿಂದ ಒಂದು ಗೇಣು ಮೇಲೆ ಕಟ್ಟಿದೆ.

ಮರುದಿನ ಟಾಕಿ ಖಾಲಿಯಾದ ಮೇಲೆ ಮತ್ತೆ ಎಣಿಸಿದರೆ 310. ಸಂಪಿನ ನೀರು ತುಸು ಇಳಿದಿತ್ತು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮೀಟರ್ ಬೋರ್ಡಿನ ಬದಿಯಲ್ಲಿ ಮಾರ್ಕರ್‌ನಿಂದ 310 ಅಂತ ಬರೆದು, ಮುಂದೆ 350 ದಾಟಿದರೆ ಫೋನ್ ಮಾಡ್ರಿ ಅಂತ ಅಕ್ಕಾರಿಗೆ ಹೇಳಿ ಬಂದೆ.