ಕೇಳೋಕೆ ಯಾರೂ ಇಲ್ಲದ ಡೆವ್‌ಆಪ್ಸ್ ಕೆಲಸದಲ್ಲಿ ನಾನು ಉಸಿರಾಡಿದ್ದು ಹೇಗೆ

ಡೆವ್‌ಆಪ್ಸ್ ಅಂದರೆ ಕಂಪನಿಯ ಸಾಫ್ಟ್‌ವೇರ್ ಓಡುವ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ. ನಾನು ಅದಕ್ಕೆ ಸೇರಿ ಮೂರು ತಿಂಗಳಾಗಿತ್ತು, ಅಷ್ಟರಲ್ಲಿ ತಂಡದಲ್ಲಿದ್ದ ಒಬ್ಬರೇ ಸೀನಿಯರ್ ಕೆಲಸ ಬಿಟ್ಟರು. ಅವರ ತಲೆಯಲ್ಲಿದ್ದದ್ದೆಲ್ಲ ಅವರ ಜೊತೆಗೇ ಹೋಯಿತು. ಉಳಿದದ್ದು ನಾನು, ಯಾರೋ ಯಾವಾಗಲೋ ಬರೆದಿಟ್ಟ ಟೆರಾಫಾರ್ಮ್ ಕೋಡ್ (ಸರ್ವರ್‌ಗಳನ್ನು ಕಟ್ಟಿ ನಿಲ್ಲಿಸುವ ಸೂಚನೆಗಳು), ಮತ್ತೆ ಹೊತ್ತುಗೊತ್ತಿಲ್ಲದೆ ಬಡಿದುಕೊಳ್ಳುವ ಫೋನ್. ಮ್ಯಾನೇಜರ್ ಹತ್ರ ಹೋದರೆ, "ನೀವು ನೋಡ್ಕೊಳ್ತೀರಿ ಬಿಡಿ, ನಂಗೆ ನಂಬಿಕೆ ಇದೆ" ಅಂದರು. ಅವರು ಒಳ್ಳೆಯವರೇ. ಆದರೆ ಸರ್ವರ್ ವಿಷಯದಲ್ಲಿ ಅವರಿಂದ ಸಹಾಯ ಸಿಗುವ ಹಾಗಿರಲಿಲ್ಲ.

ಕೆಲಸ ಜಾಸ್ತಿ ಆಗಿದೆ, ಅದಕ್ಕೇ ಈ ಸುಸ್ತು ಅಂತ ಎರಡು ವಾರ ರಜೆ ಹಾಕಿದೆ. ಚೆನ್ನಾಗಿ ನಿದ್ದೆ ಮಾಡಿದೆ. ವಾಪಸ್ ಬಂದ ಎರಡನೇ ದಿನ ಸರ್ವರ್‌ನಲ್ಲಿ ಏನೋ ತೊಂದರೆ ಅನ್ನುವ ಮೊದಲ ಅಲರ್ಟ್ ಬಂತು ನೋಡಿ, ಹೊಟ್ಟೆಯಲ್ಲಿ ಅದೇ ಸಂಕಟ. ರಜೆಯಿಂದ ಹೋಗುವ ಸುಸ್ತು ಅಲ್ಲ ಇದು ಅಂತ ಆಗ ಗೊತ್ತಾಯಿತು. ಪ್ರೊಡಕ್ಷನ್‌ನಲ್ಲಿ, ಅಂದರೆ ಜನ ನಿಜವಾಗಿ ಬಳಸುತ್ತಿರುವ ಸರ್ವರ್‌ಗಳಲ್ಲಿ, ಒಂದು ಕಮಾಂಡ್ ಹೊಡೆಯುವ ಮುಂಚೆ ನಾಲ್ಕು ಸಲ ಓದಿ, ಆಮೇಲೂ ಕೈ ತಡೆದು, ಇದು ಸರಿನಾ ಅಂತ ಕೇಳೋಕೆ ಪಕ್ಕದಲ್ಲಿ ಒಬ್ಬರೂ ಇಲ್ಲದೆ, ಕೊನೆಗೆ ಧೈರ್ಯ ಮಾಡಿ ಎಂಟರ್ ಒತ್ತುವುದು. ದಿನಕ್ಕೆ ಇಪ್ಪತ್ತು ಸಲ ಹೀಗಾದರೆ ಯಾರಾದರೂ ಬಸವಳಿಯುತ್ತಾರೆ ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ ಮೂರು ಲಕ್ಷಣ ಹೇಳಿದೆ. ಶಕ್ತಿಯೆಲ್ಲ ಬರಿದಾಗುವುದು, ಕೆಲಸದ ಮೇಲೆ ಮನಸ್ಸೇ ಇಲ್ಲವಾಗುವುದು, ಎಷ್ಟು ಮಾಡಿದರೂ ಏನೂ ಆಗ್ತಿಲ್ಲ ಅನ್ನಿಸುವುದು. ನನಗೆ ಮೂರೂ ಇದ್ದವು. ಅವರು ಇದನ್ನು ಕಾಯಿಲೆ ಅಂತ ಕರೆದಿಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂದಿದ್ದಾರೆ. ಆ ಮಾತು ನನಗೆ ಹಿಡಿಸಿತು. ಹಾಗಾದರೆ ಕೆಲಸವನ್ನೇ ಸರಿ ಮಾಡಬೇಕು ಅಂತ ಕೂತೆ.

ಮೊದಲು ಒಂದು ನೋಟ್‌ಬುಕ್ ಇಟ್ಟೆ, ಕಾಗದದ್ದು. ಪ್ರತಿ ಅಲರ್ಟ್‌ಗೆ ಒಂದು ಸಾಲು: ಎಷ್ಟು ಹೊತ್ತಿಗೆ ಬಂತು, ಏನು ಮಾಡಿದೆ, ಏನು ಅರ್ಥ ಆಗಲಿಲ್ಲ. ಈ ಕೊನೆಯದೇ ಮುಖ್ಯ.

ಒಂದು ಉದಾಹರಣೆ ಹೇಳ್ತೀನಿ. ಒಂದು ಸರ್ವರ್‌ನಲ್ಲಿ ಡಿಸ್ಕ್ 90% ತುಂಬಿದೆ ಅಂತ ಅಲರ್ಟ್ ಬರುತ್ತಿತ್ತು, ಅದೂ ನಡುರಾತ್ರಿ. ನಿದ್ದೆಗಣ್ಣಲ್ಲಿ ಎದ್ದು, ಹಳೇ ಪ್ರೋಗ್ರಾಂ ಪ್ರತಿಗಳನ್ನು (ಇಮೇಜ್‌ಗಳನ್ನು) ಅಳಿಸಿ, ಸ್ವಲ್ಪ ಜಾಗ ಮಾಡಿ ಮಲಗುತ್ತಿದ್ದೆ. ನೋಟ್‌ಬುಕ್ ತಿರುವಿದರೆ ಆರು ವಾರದಲ್ಲಿ ಹನ್ನೊಂದು ಸಲ! ಒಂದು ಮಧ್ಯಾಹ್ನ ಬೇರೆಲ್ಲ ಬದಿಗಿಟ್ಟು ಹುಡುಕಿದೆ. ಡಾಕರ್ ಅಂದರೆ ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ಸಾಧನ. ಅದರ ಫೋಲ್ಡರ್‌ನೊಳಗೆ ಒಂದೇ ಲಾಗ್ ಫೈಲ್ (ಪ್ರೋಗ್ರಾಂ ನಡೆದದ್ದನ್ನು ಬರೆದಿಡುವ ಫೈಲ್) 38 ಜಿಬಿ. ಡಾಕರ್‌ನ ಜೇಸನ್-ಫೈಲ್ ಲಾಗಿಂಗ್‌ಗೆ ನಾವಾಗಿ ಮಿತಿ ಹಾಕದಿದ್ದರೆ ಮಿತಿಯೇ ಇರುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ಮ್ಯಾಕ್ಸ್-ಸೈಜ್ (ಫೈಲ್ ಎಷ್ಟು ದೊಡ್ಡದಾಗಬಹುದು), ಮ್ಯಾಕ್ಸ್-ಫೈಲ್ (ಎಷ್ಟು ಫೈಲ್ ಇರಬಹುದು) ಎರಡನ್ನೂ ಸೆಟ್ ಮಾಡಿ ಡಾಕರ್ ರೀಸ್ಟಾರ್ಟ್ ಮಾಡಿದೆ. ನೆಮ್ಮದಿಯಾಯಿತು.

ನಾಲ್ಕೇ ದಿನ. ಮತ್ತೆ ಅದೇ ಅಲರ್ಟ್. ಆ ರಾತ್ರಿ ರಾಜೀನಾಮೆ ಪತ್ರ ಬರೆದಿಟ್ಟೇ ಮಲಗಿದ್ದು.

ಬೆಳಿಗ್ಗೆ ಡಾಕ್ಯುಮೆಂಟೇಶನ್ ನಿಧಾನವಾಗಿ ಓದಿದಾಗ ಕಣ್ಣಿಗೆ ಬಿತ್ತು. ಆ ಸೆಟ್ಟಿಂಗ್ ಹೊಸದಾಗಿ ಹುಟ್ಟುವ ಕಂಟೇನರ್‌ಗಳಿಗೆ ಮಾತ್ರ. ಹಳೆಯವನ್ನು ತೆಗೆದು ಮತ್ತೆ ಸೃಷ್ಟಿಸಬೇಕು, ಸುಮ್ನೆ ರೀಸ್ಟಾರ್ಟ್ ಮಾಡಿದರೆ ಸಾಲದು. ಗೊತ್ತಿದ್ದವರು ಒಬ್ಬರು ಇದ್ದಿದ್ದರೆ ಎರಡು ನಿಮಿಷದ ಮಾತು. ಒಂದೊಂದಾಗಿ ಹೊಸದಾಗಿ ಎಬ್ಬಿಸಿದೆ. ಆಮೇಲೆ ಆ ಸರ್ವರ್‌ನಿಂದ ಡಿಸ್ಕ್ ಅಲರ್ಟ್ ಬಂದಿಲ್ಲ. ಪತ್ರ ಹರಿದು ಹಾಕಿದೆ.

ಎರಡನೆಯದಾಗಿ, ಆ ನೋಟ್‌ಬುಕ್ಕನ್ನೇ ಮ್ಯಾನೇಜರ್ ಮುಂದೆ ಇಟ್ಟೆ. ಮುಂಚೆ "ತುಂಬಾ ಒತ್ತಡ ಆಗ್ತಿದೆ" ಅಂದಾಗೆಲ್ಲ ಸಮಾಧಾನದ ಮಾತು ಸಿಗುತ್ತಿತ್ತು, ಅಷ್ಟೆ. ಈ ಸಲ ಎಣಿಸಿಕೊಂಡು ಹೋಗಿದ್ದೆ: ಆರು ವಾರ, 74 ಅಲರ್ಟ್, ಅದರಲ್ಲಿ 51ಕ್ಕೆ ನಾನು ಏನೂ ಮಾಡಬೇಕಾಗೇ ಇರಲಿಲ್ಲ. ಗೂಗಲ್‌ನಲ್ಲಿ ಸರ್ವರ್‌ಗಳು ನಿಲ್ಲದಂತೆ ನೋಡಿಕೊಳ್ಳುವ ಎಸ್‌ಆರ್‌ಇ ತಂಡದವರು 2016ರ ತಮ್ಮ ಪುಸ್ತಕದಲ್ಲಿ 12 ಗಂಟೆಯ ಆನ್‌ಕಾಲ್ ಪಾಳಿಗೆ (ಅಲರ್ಟ್ ಬಂದರೆ ಎದ್ದು ನೋಡಬೇಕಾದ ಸರದಿಗೆ) ಹೆಚ್ಚೆಂದರೆ ಎರಡು ಇನ್ಸಿಡೆಂಟ್, ಅಂದರೆ ಕೈ ಹಾಕಬೇಕಾದ ತೊಂದರೆ, ಅಂತ ಮಿತಿ ಹಾಕಿಕೊಂಡಿದ್ದನ್ನು ಬರೆದಿದ್ದಾರೆ. ಅದನ್ನೂ ತೋರಿಸಿದೆ. ಮ್ಯಾನೇಜರ್ ಪುಟ ತಿರುವುತ್ತಾ, "ಇಷ್ಟೊಂದಾ? ಮೊದಲೇ ಹೇಳಬಾರದಿತ್ತಾ?" ಅಂದರು. ಹೇಳಿದ್ದೆ. ಆದರೆ ಅವರಿಗೆ ಕಾಣುವ ಹಾಗೆ ಹೇಳಿರಲಿಲ್ಲ. ಆ ವಾರವೇ ಮೂರು ವಿಷಯ ಒಪ್ಪಿಕೊಂಡರು. ಕೈ ಹಾಕಬೇಕಿಲ್ಲದ ಅಲರ್ಟ್ ರಾತ್ರಿ ಫೋನ್ ಬಡಿಯಬಾರದು. ಇಬ್ಬರು ಡೆವಲಪರ್‌ಗಳೂ ಆನ್‌ಕಾಲ್ ಸರದಿಗೆ ಬರಬೇಕು. ರಾತ್ರಿ ಎದ್ದವರು ಮರುದಿನ ಮಧ್ಯಾಹ್ನ ಬಂದರೆ ಸಾಕು.

ಮಾರ್ಗದರ್ಶನದ ವಿಷಯಕ್ಕೆ ಬಂದರೆ, ಎಲ್ಲ ಗೊತ್ತಿರುವ ಒಬ್ಬ ಗುರು ಸಿಗಲಿ ಅಂತ ಕಾಯುವುದನ್ನು ಬಿಟ್ಟೆ. ಸರ್ಟಿಫಿಕೇಟ್ ಕೋರ್ಸೂ ಮಾಡಿ ನೋಡಿದೆ, ದಣಿದ ತಲೆಗೆ ಅದು ಇನ್ನೊಂದು ಹೊರೆ ಆಯಿತು. ಉಪಯೋಗಕ್ಕೆ ಬಂದದ್ದು ತುಂಡು ತುಂಡಾಗಿ ಕೇಳಿದ್ದು: ಡೇಟಾಬೇಸ್ ಪ್ರಶ್ನೆ ಇದ್ದರೆ ಡೇಟಾಬೇಸ್ ನೋಡಿಕೊಳ್ಳುವವರಿಗೆ, ನೆಟ್‌ವರ್ಕ್ ಆದರೆ ಇನ್ನೊಂದು ತಂಡದವರಿಗೆ. "ಸ್ವಲ್ಪ ಹೇಳಿಕೊಡ್ತೀರಾ" ಅಂದರೆ ಎಲ್ಲರಿಗೂ ಸಮಯ ಇರಲ್ಲ. "ಇದನ್ನ ನೋಡಿದೆ, ಇದು ಮಾಡಿದೆ, ಇಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ" ಅಂದರೆ ಮುಕ್ಕಾಲು ಜನ ಕೂತು ನೋಡುತ್ತಾರೆ.

ಈಗ ಪ್ರತಿ ಗುರುವಾರ ಒಂದು ಗಂಟೆ ಡೇಟಾಬೇಸ್‌ನವರ ಜೊತೆ ಕೂರುತ್ತೇನೆ. ನೋಟ್‌ಬುಕ್‌ನ "ಅರ್ಥ ಆಗಲಿಲ್ಲ" ಸಾಲುಗಳಲ್ಲಿ ಇನ್ನೂ ಒಂಬತ್ತು ಉಳಿದಿವೆ. ಈ ವಾರದ್ದು, ಡೇಟಾಬೇಸ್‌ನ ಒಂದು ನಕಲು (ರೆಪ್ಲಿಕಾ) ಪ್ರತಿ ಸೋಮವಾರ ಬೆಳಿಗ್ಗೆ ಯಾಕೆ ಹಿಂದೆ ಬೀಳುತ್ತೆ ಅನ್ನೋದು.